ಲಾಕ್‌ಡೌನ್‌ನಲ್ಲಿ ನಿಂತ ರಾಕೆಟ್ ಪರೀಕ್ಷೆಗಳು: ತಡದ ಲೆಕ್ಕ ಕೇಳುವುದು ಹೇಗೆ?

ಮಾನ್ಯ ಸಂಪಾದಕರೇ,

ಮನುಷ್ಯರನ್ನು ಬಾಹ್ಯಾಕಾಶಕ್ಕೆ ಒಯ್ಯುವ ಇಸ್ರೊದ ಗಗನಯಾನದ ಮಾತು ಬಂದಲ್ಲೆಲ್ಲ ಒಂದು ಪ್ರಶ್ನೆ ಕೇಳಿಬರುತ್ತದೆ. 2022ರೊಳಗೆ ಆಗಬೇಕಿದ್ದ ಯಾನ ಇಷ್ಟು ಹಿಂದೆ ಬಿದ್ದದ್ದು ಏಕೆ? ಕೋವಿಡ್ ಎಂದು ಉತ್ತರಿಸಿದರೆ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಬೆಂಗಳೂರಿನ ಐಟಿ ಕಂಪನಿಗಳೆಲ್ಲ ಕೆಲವೇ ದಿನಗಳಲ್ಲಿ ಮನೆಯಿಂದ ಕೆಲಸ ಶುರುಮಾಡಿದವಲ್ಲ, ರಾಕೆಟ್ ಎಂಜಿನಿಯರುಗಳಿಗೆ ಅದೇಕೆ ಆಗಲಿಲ್ಲ? ತೆರಿಗೆ ಕಟ್ಟುವವರು ಕೇಳಬೇಕಾದ ಪ್ರಶ್ನೆಯೇ ಇದು. ಇದಕ್ಕೆ ಬರುವ ಉತ್ತರಗಳು ಮಾತ್ರ ಹೆಚ್ಚಾಗಿ ಮೊಗಮ್ಮಾಗಿರುತ್ತವೆ. ದ್ರವ ಎಂಜಿನುಗಳ ಪರೀಕ್ಷೆಯ ಕೆಲಸ ಬಲ್ಲ ನಾವು ಕೆಲವರು ಸೇರಿ ಅದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ. ಗಗನಯಾನದ ತಡಕ್ಕೆ ಕೋವಿಡ್ ಒಂದೇ ಕಾರಣವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

2020ರ ನವೆಂಬರ್ 7ರಂದು ಪಿಎಸ್‌ಎಲ್‌ವಿ-ಸಿ49 ಹಾರಿತು. ಲಾಕ್‌ಡೌನ್ ಆದಮೇಲೆ ಶ್ರೀಹರಿಕೋಟಾದಿಂದ ನಡೆದ ಮೊದಲ ಉಡಾವಣೆ ಅದು. ಬಾಹ್ಯಾಕಾಶದ ಕೆಲಸ ಮನೆಯಿಂದ ಆಗುವಂಥದ್ದಲ್ಲ, ಪ್ರತಿ ಎಂಜಿನಿಯರೂ ಲ್ಯಾಬಿನಲ್ಲಿ ಇರಲೇಬೇಕು ಎಂದು ಆಗಿನ ಇಸ್ರೊ ಅಧ್ಯಕ್ಷ ಕೆ. ಶಿವನ್ ಅಂದು ಹೇಳಿದರು. ಲೆಕ್ಕವೂ ಅದನ್ನೇ ಹೇಳುತ್ತದೆ: 2019ರಲ್ಲಿ ಶ್ರೀಹರಿಕೋಟಾದಿಂದ 6 ಉಡಾವಣೆ, 2020ರಲ್ಲಿ 2, 2021ರಲ್ಲೂ 2. ಉಡಾವಣೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದಕ್ಕೂ ಮೊದಲು ಎಂಜಿನನ್ನು ನೆಲದ ಮೇಲೆ ಬಿಗಿದು ಉರಿಸಿ ನೋಡುವ ಕೆಲಸ ಎಷ್ಟು ನಿಂತಿತು, ನಿಂತದ್ದನ್ನು ಮತ್ತೆ ನಡೆಸಲು ಏನೇನು ಬೇಕಾಯಿತು ಎಂಬುದು ಸುದ್ದಿಯಾಗುವುದೇ ಇಲ್ಲ.

ದಿನದಿನದ ವಿವರ ಬಹಿರಂಗವಾಗಿ ಸಿಗುವ ಒಂದು ಪ್ರಕರಣವನ್ನೇ ಮೊದಲು ನೋಡೋಣ. ಅಮೆರಿಕದ ನಾಸಾ ಸಂಸ್ಥೆ ಚಂದ್ರನತ್ತ ಕಳಿಸಲು ಕಟ್ಟಿದ ಎಸ್‌ಎಲ್‌ಎಸ್ ರಾಕೆಟ್ಟಿನ ಮುಖ್ಯ ಹಂತ ಸುಮಾರು 65 ಮೀಟರ್ ಎತ್ತರ, 8.4 ಮೀಟರ್ ವ್ಯಾಸದ್ದು. ಕೆಳಗೆ ನಾಲ್ಕು ಆರ್‌ಎಸ್-25 ಎಂಜಿನ್. ನ್ಯೂ ಆರ್ಲಿಯನ್ಸ್‌ನ ಮಿಶೂ ಕಾರ್ಖಾನೆಯಿಂದ ಬಾರ್ಜ್ (ಸರಕು ದೋಣಿ) ಮೇಲೆ ಹೊರಟ ಇದು 2020ರ ಜನವರಿ 12ರಂದು ಮಿಸಿಸಿಪ್ಪಿಯ ಸ್ಟೆನ್ನಿಸ್ ಕೇಂದ್ರ ತಲುಪಿತು. ಅದೇ ತಿಂಗಳು ಅದನ್ನು ಬಿ-2 ಟೆಸ್ಟ್ ಸ್ಟ್ಯಾಂಡಿಗೆ, ಅಂದರೆ ಬಿಗಿದು ಉರಿಸಿ ನೋಡುವ ಗೋಪುರಕ್ಕೆ, ಏರಿಸಿದರು. ಮುಂದೆ ಎಂಟು ಪರೀಕ್ಷೆಗಳು ಸರತಿಯಲ್ಲಿ ಇದ್ದವು: ಕಂಪನ, ವಿದ್ಯುನ್ಮಾನ, ತುರ್ತು ಸುರಕ್ಷತಾ ವ್ಯವಸ್ಥೆ, ಕೊಳವೆಗಳ ಸೋರಿಕೆ, ಎಂಜಿನಿನ ದಿಕ್ಕು ತಿರುಗಿಸುವ ಹೈಡ್ರಾಲಿಕ್ಸ್, ಅಣಕು ಕ್ಷಣಗಣನೆ, ಟ್ಯಾಂಕ್ ತುಂಬಿ ಮಾಡುವ ಪೂರ್ಣ ತಾಲೀಮು, ಕೊನೆಗೆ ನಾಲ್ಕೂ ಎಂಜಿನ್ ಒಟ್ಟಿಗೆ ಉರಿಸುವುದು. ಒಂದು ಮುಗಿಯದೆ ಮುಂದಿನದಕ್ಕೆ ಕೈ ಹಾಕುವಂತಿಲ್ಲ.

ಜನವರಿ ಕೊನೆಗೆ ಮೊದಲನೆಯದು ಮುಗಿಯಿತು. ಮಾರ್ಚ್‌ನಲ್ಲಿ ಕೇಂದ್ರದ ಸಿಬ್ಬಂದಿಯೊಬ್ಬರಿಗೆ ಸೋಂಕು ದೃಢಪಟ್ಟು, ಸುತ್ತಮುತ್ತಲೂ ಪ್ರಕರಣಗಳು ಏರಿದ್ದರಿಂದ ಮಾರ್ಚ್ 20ರ ವೇಳೆಗೆ ಸ್ಟೆನ್ನಿಸ್, ಮಿಶೂ ಎರಡನ್ನೂ ಮುಚ್ಚಿದರು. ಆಸ್ತಿ ಮತ್ತು ಜೀವರಕ್ಷಣೆಗೆ ಬೇಕಾದಷ್ಟು ಜನ ಮಾತ್ರ ಒಳಗೆ. ಮೇ ಮಧ್ಯದಲ್ಲಿ ಬಾಗಿಲು ತೆರೆಯಿತು. ಮುಚ್ಚಿದ್ದು ಎರಡು ತಿಂಗಳಿಗೂ ಕಡಿಮೆ. ಆದರೆ 2020ರ ಮಧ್ಯಭಾಗಕ್ಕೆ ಎಂದುಕೊಂಡಿದ್ದ ಕೊನೆಯ ಉರಿಪರೀಕ್ಷೆ ನಡೆದದ್ದು 2021ರ ಜನವರಿ 16ರಂದು. ಎರಡು ತಿಂಗಳು ನಿಂತದ್ದಕ್ಕೆ ಆರು ತಿಂಗಳು ಹೋದದ್ದು ಹೇಗೆ?

ತಡವಾದದ್ದೇ ಮತ್ತಷ್ಟು ತಡಕ್ಕೆ ದಾರಿ ಮಾಡಿತು. ವಸಂತದಲ್ಲಿ ಮುಗಿಯಬೇಕಿದ್ದ ಕೆಲಸ ಮೆಕ್ಸಿಕೊ ಕೊಲ್ಲಿಯ ಚಂಡಮಾರುತದ ಕಾಲಕ್ಕೆ ಜಾರಿತು. ಒಂದೊಂದು ಬಿರುಗಾಳಿಯ ಮುನ್ಸೂಚನೆಗೂ ಎಲ್ಲವನ್ನೂ ಭದ್ರಪಡಿಸಿ ಜನರನ್ನು ಕಳಿಸಬೇಕು, ಗಾಳಿ ಹಾದುಹೋದ ಮೇಲೆ ಮತ್ತೆ ಎಲ್ಲವನ್ನೂ ಪರೀಕ್ಷಿಸಬೇಕು. ನವೆಂಬರ್‌ನಲ್ಲಿ ಎಂಜಿನಿಗೆ ಜಲಜನಕ ಬಿಡುವ ಒಂದು ಪ್ರಿವಾಲ್ವ್ ಒಳಗಿನ ಕ್ಲಚ್ ಕೈಕೊಟ್ಟಿತು. ಅದನ್ನು ಬಿಚ್ಚಿ ಕೆಳಗಿಳಿಸದೆ, ವಿಶೇಷ ಉಪಕರಣವೊಂದನ್ನು ಮಾಡಿಕೊಂಡು, ಇದ್ದಲ್ಲೇ ರಿಪೇರಿ ಮಾಡಿದರು. ಡಿಸೆಂಬರ್ 7ರ ತಾಲೀಮಿನಲ್ಲಿ ಒಳಬರುತ್ತಿದ್ದ ದ್ರವ ಆಮ್ಲಜನಕದ ಉಷ್ಣಾಂಶ ಬೇಕಾದದ್ದಕ್ಕಿಂತ ತುಸು ಹೆಚ್ಚಿದ್ದರಿಂದ ಕೆಲಸ ನಿಲ್ಲಿಸಬೇಕಾಯಿತು. ಡಿಸೆಂಬರ್ 20ರಂದು ಟ್ಯಾಂಕ್ ಪೂರ್ತಿ ತುಂಬಿತು: ದ್ರವ ಜಲಜನಕ ಸುಮಾರು 20 ಲಕ್ಷ ಲೀಟರ್, ದ್ರವ ಆಮ್ಲಜನಕ ಸುಮಾರು 7.4 ಲಕ್ಷ ಲೀಟರ್, ಆರು ಬಾರ್ಜ್‌ಗಳಿಂದ. ಆದರೆ ಒಂದು ವಾಲ್ವ್ ಮುಚ್ಚಲು ನಿಗದಿಗಿಂತ ಅರೆ ಸೆಕೆಂಡಿಗೂ ಕಡಿಮೆ ಅವಧಿ ಹೆಚ್ಚು ತೆಗೆದುಕೊಂಡಿತೆಂದು ಕಂಪ್ಯೂಟರ್ ಕೊನೆಯ ನಿಮಿಷಗಳಲ್ಲಿ ಕ್ಷಣಗಣನೆಯನ್ನು ನಿಲ್ಲಿಸಿತು.

ಇವುಗಳಲ್ಲಿ ಯಾವುದೂ ಲ್ಯಾಪ್‌ಟಾಪಿನಲ್ಲಿ ಸಿಗುವ ದೋಷವಲ್ಲ. ಮೈನಸ್ 253 ಡಿಗ್ರಿಯ ಜಲಜನಕ, ಮೈನಸ್ 183 ಡಿಗ್ರಿಯ ಆಮ್ಲಜನಕ ನಿಜವಾಗಿ ಹರಿದಾಗಲೇ ಲೋಹ ಕುಗ್ಗುವುದು, ಸೀಲ್ ಗಡುಸಾಗುವುದು, ವಾಲ್ವ್ ಹಿಡಿದುಕೊಳ್ಳುವುದು ಕಾಣುತ್ತದೆ. ಇಡೀ ಹಂತದ ಈ ಪರೀಕ್ಷೆಯನ್ನೇ ಬಿಟ್ಟು ಸಮಯ ಉಳಿಸೋಣ ಎಂಬ ಆಲೋಚನೆಯೂ 2019ರಲ್ಲಿ ನಾಸಾದಲ್ಲಿ ಇತ್ತು. ಬಿಡುವುದು ಬೇಡ ಎಂದು ಆ ವರ್ಷ ಜುಲೈನಲ್ಲಿ ತೀರ್ಮಾನವಾಯಿತು. ಆ ತೀರ್ಮಾನದ ಬೆಲೆ 2021ರ ಜನವರಿ 16ರಂದು ಗೊತ್ತಾಯಿತು. 8 ನಿಮಿಷ ಉರಿಯಬೇಕಿದ್ದ ಎಂಜಿನುಗಳು 67.2 ಸೆಕೆಂಡಿಗೆ ಆರಿದವು. ಎಂಜಿನನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆಗೆ ನೆಲದ ಪರೀಕ್ಷೆಗೆಂದೇ ಬಿಗಿಯಾಗಿ ಇಟ್ಟಿದ್ದ ಮಿತಿ ಮೀರಿದ್ದೇ ಕಾರಣ. ಹಾರಾಟದಲ್ಲಿ ಆಗಿದ್ದರೆ ನಿಲ್ಲುತ್ತಿರಲಿಲ್ಲ, ಇಷ್ಟು ಸಾಕು, ಕಳಿಸಿಬಿಡಿ ಎನ್ನುವ ವಾದವೂ ಇತ್ತು. ಅವರು ಹಾಗೆ ಮಾಡಲಿಲ್ಲ. ಎಂಜಿನ್ ಒಣಗಿಸಿ, ದುರಸ್ತಿ ಮಾಡಿ, ನಡುವೆ ಇನ್ನೊಂದು ವಾಲ್ವಿನ ತೊಂದರೆಯನ್ನೂ ಸರಿಪಡಿಸಿ, ಮಾರ್ಚ್ 18ರಂದು 499.6 ಸೆಕೆಂಡು ಉರಿಸಿದರು. ತಿಂಗಳುಗಟ್ಟಲೆ ವಿಳಂಬವನ್ನು ಬೆನ್ನ ಮೇಲೆ ಹೊತ್ತುಕೊಂಡೂ ಪರೀಕ್ಷೆಯ ಅವಧಿಯನ್ನು ಕತ್ತರಿಸದೆ ಉಳಿದದ್ದು ದೊಡ್ಡ ಮಾತು.

ಇನ್ನು, ಮುಚ್ಚಿದ ಸ್ಟ್ಯಾಂಡನ್ನು ಮತ್ತೆ ಚಾಲೂ ಮಾಡುವ ವಿಷಯ. ಬೇಸಿಗೆಯೆಲ್ಲ ನಿಂತಿದ್ದ ತೋಟದ ಪಂಪ್‌ಸೆಟ್ಟೇ ಸ್ವಿಚ್ ಒತ್ತಿದ ಕೂಡಲೇ ನೀರೆತ್ತುವುದಿಲ್ಲ. ಟೆಸ್ಟ್ ಸ್ಟ್ಯಾಂಡಿನಲ್ಲಿ ಒತ್ತಡ ಅಳೆಯುವ ಸೆನ್ಸರ್‌ಗಳಿಗೂ ನೂಕುಬಲ ಅಳೆಯುವ ಲೋಡ್ ಸೆಲ್‌ಗಳಿಗೂ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆ) ವಾಯಿದೆ ಇರುತ್ತದೆ. ಕೆಲಸ ನಿಂತರೂ ವಾಯಿದೆ ಓಡುತ್ತಲೇ ಇರುತ್ತದೆ. ಸೇಫ್ಟಿ ವಾಲ್ವ್‌ಗಳನ್ನು ಬಿಚ್ಚಿ, ಎಷ್ಟು ಒತ್ತಡಕ್ಕೆ ತೆರೆಯುತ್ತವೆ ಎಂದು ನೋಡಿ, ಮತ್ತೆ ಕೂರಿಸಬೇಕು. ಕೊಳವೆಗಳಲ್ಲಿ ಒಣ ನೈಟ್ರೊಜನ್ ಒತ್ತಡವನ್ನು ಇಡೀ ಲಾಕ್‌ಡೌನ್ ಉದ್ದಕ್ಕೂ ಯಾರೋ ಕಾದಿರಬೇಕು. ಅದು ಬಿದ್ದುಹೋಗಿದ್ದರೆ ತೇವ ಒಳಸೇರಿರುತ್ತದೆ. ದ್ರವ ಜಲಜನಕ ಬಂದಾಗ ಆ ತೇವ ಮಂಜುಗಡ್ಡೆಯಾಗಿ ಫಿಲ್ಟರನ್ನೋ ವಾಲ್ವಿನ ಆಸನವನ್ನೋ ಕಟ್ಟುತ್ತದೆ. ಹಾಗಾಗಿ ಕೊಳವೆಯ ಪ್ರತಿ ಭಾಗವನ್ನೂ ಬಿಸಿ ಒಣ ಅನಿಲ ಹಾಯಿಸಿ ಒಣಗಿಸಬೇಕು, ಎಷ್ಟು ತೇವ ಉಳಿದಿದೆ ಎಂದು ತಿಳಿಯಲು ಇಬ್ಬನಿ ಬಿಂದು ಅಳೆಯಬೇಕು. ಜಲಜನಕದ ಕಡೆ ಹೀಲಿಯಂ ಬಿಟ್ಟರೆ ಬೇರೆ ಅನಿಲದಿಂದ ಕೊನೆಯ ಶುದ್ಧೀಕರಣ ಆಗದು, ಏಕೆಂದರೆ ಆ ಚಳಿಯಲ್ಲಿ ನೈಟ್ರೊಜನ್ ತಾನೇ ಗಟ್ಟಿಯಾಗುತ್ತದೆ. ಆಮೇಲೆ ಸೋರಿಕೆ ಪರೀಕ್ಷೆ. ಹೀಲಿಯಂ ತುಂಬಿ, ಮೂಸುವ ಯಂತ್ರದ ಕೊಳವೆ ಹಿಡಿದು ಒಂದೊಂದೇ ಜೋಡಣೆಯ ಸುತ್ತ ಸಾವಕಾಶವಾಗಿ ಸುತ್ತಿಸಬೇಕು. ಸೋರುವುದು ಕಂಡರೆ ಒತ್ತಡ ಇಳಿಸಿ, ಸೀಲ್ ಬದಲಿಸಿ, ಟಾರ್ಕ್ ರೆಂಚಿನಿಂದ ಬೋಲ್ಟುಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿದು, ಮೊದಲಿನಿಂದ ಶುರು.

ಈ ಬಿಗಿಯುವ ಕೆಲಸ ಒಬ್ಬರದಲ್ಲ. ಒಬ್ಬರು ಬಿಗಿಯುತ್ತಾರೆ, ಇನ್ನೊಬ್ಬರು ಅಂಕಿ ಓದಿ ಬರೆದುಕೊಳ್ಳುತ್ತಾರೆ, ಮೂರನೆಯವರು ಗುಣಮಟ್ಟದ ಕಡೆಯಿಂದ ನೋಡಿ ಸಹಿ ಹಾಕುತ್ತಾರೆ. ಮೂವರೂ ನಿಲ್ಲುವ ಜಾಗ ಎಂಜಿನ್ ಕೆಳಗಿನ ಇಕ್ಕಟ್ಟಿನ ಅಟ್ಟಣಿಗೆ. ಆರು ಅಡಿ ದೂರ ಎಂಬ ನಿಯಮ ಅಲ್ಲಿ ಪಾಲಿಸುವುದು ಹೇಗೆ? ಒಂದೇ ಪಾಳಿಯಲ್ಲಿ ಅಕ್ಕಪಕ್ಕ ನಡೆಯುತ್ತಿದ್ದ ಎರಡು ಕೆಲಸಗಳನ್ನು ಎರಡು ಪಾಳಿಗೆ ಒಡೆಯಬೇಕು. ಒಬ್ಬರಿಗೆ ಜ್ವರ ಬಂದರೆ ಆ ಪಾಳಿಯೇ ಮನೆಗೆ ಹೋಗಬೇಕು.

ಇಸ್ರೊ ರಾಕೆಟ್ಟುಗಳಲ್ಲಿ ಬಳಸುವ ನಮ್ಮ ವಿಕಾಸ್ ಎಂಜಿನ್ನಿಗೆ ಬರುವಾಗ ತೊಡಕು ಇನ್ನೊಂದು ಬಗೆಯದು. ಅದರ ಇಂಧನ ಯುಎಚ್25, ಆ ಇಂಧನವನ್ನು ಉರಿಸುವ ನೈಟ್ರೊಜನ್ ಟೆಟ್ರಾಕ್ಸೈಡ್ ಎರಡೂ ವಿಷ. ತುಂಬುವವರು ಮೈಮುಚ್ಚುವ ರಕ್ಷಣಾ ಉಡುಪು ತೊಡಬೇಕು, ತೊಡಿಸಲು ಬಿಚ್ಚಿಸಲು ಇನ್ನೊಬ್ಬರ ಕೈ ಬೇಕು, ಪಕ್ಕದಲ್ಲಿ ಅಗ್ನಿಶಾಮಕರೂ ಆಂಬುಲೆನ್ಸೂ ಸಿದ್ಧವಿರಬೇಕು. ಆಂಬುಲೆನ್ಸ್‌ಗಳೆಲ್ಲ ಊರ ರೋಗಿಗಳ ಹಿಂದೆ ಓಡುತ್ತಿದ್ದಾಗ ಇಂಥ ಪರೀಕ್ಷೆಗೆ ಕೈ ಹಾಕುವುದು ಸರಿಯೂ ಅಲ್ಲ. ಮೇಲಾಗಿ ಎಂಜಿನ್ ಉರಿಸುವುದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ, ವಿನ್ಯಾಸದ ಜನ ಇರುವುದು ಕೇರಳದ ವಲಿಯಮಲೆಯಲ್ಲಿ ಮತ್ತು ಬೆಂಗಳೂರಿನಲ್ಲಿ, ಹಾರಿಸುವುದು ಆಂಧ್ರದ ಶ್ರೀಹರಿಕೋಟಾದಲ್ಲಿ. ನಾಲ್ಕು ರಾಜ್ಯ, ನಾಲ್ಕು ಬಗೆಯ ಲಾಕ್‌ಡೌನ್ ಆದೇಶ, ಗಡಿಯಲ್ಲಿ ಇ-ಪಾಸ್.

ಹಾಗಾದರೆ ಮನೆಯಿಂದ ಏನೂ ಆಗಲಿಲ್ಲವೇ? ಆಯಿತು, ಕೆಲವು ಕಡೆ ಚೆನ್ನಾಗಿಯೇ ಆಯಿತು. ಮಂಗಳದ ಮೇಲಿನ ಕ್ಯೂರಿಯಾಸಿಟಿ ರೋವರನ್ನು 2020ರ ಮಾರ್ಚ್‌ನಿಂದ ನಾಸಾದ ತಂಡ ತಮ್ಮ ತಮ್ಮ ಮನೆಗಳಿಂದಲೇ ನಡೆಸಿತು. ಮೂರು ಆಯಾಮದ ಚಿತ್ರ ನೋಡುವ ವಿಶೇಷ ಕನ್ನಡಕಕ್ಕೆ ಬೇಕಾದ ಗ್ರಾಫಿಕ್ಸ್ ಶಕ್ತಿ ಮನೆಯ ಲ್ಯಾಪ್‌ಟಾಪಿಗೆ ಇರಲಿಲ್ಲವೆಂದು ಕೆಂಪು-ನೀಲಿ ಗಾಜಿನ ಸಾದಾ ಕನ್ನಡಕ ಬಳಸಿದರು. ರೋವರ್ ಹೇಗೂ ದೂರದಲ್ಲೇ ಇತ್ತು, ಅದರ ಹತ್ತಿರ ಮೊದಲೂ ಯಾರೂ ಇರಲಿಲ್ಲ, ಆದ್ದರಿಂದ ಅದು ಸಾಧ್ಯವಾಯಿತು.

ರಾಕೆಟ್ ಕೆಲಸದಲ್ಲೂ ದೊಡ್ಡ ಪಾಲು ಕಾಗದದ್ದೇ: ನಕ್ಷೆ, ಬಲದ ಲೆಕ್ಕ, ಶಾಖದ ಲೆಕ್ಕ, ಪರೀಕ್ಷಾ ವಿಧಾನದ ಕರಡು, ಹಳೆಯ ಪರೀಕ್ಷೆಗಳ ದತ್ತಾಂಶದ ಪರಿಶೀಲನೆ, ವಿನ್ಯಾಸ ಪರಾಮರ್ಶೆ. ಇವು ಮನೆಗೆ ಹೋದವು. ಪರಾಮರ್ಶೆ ಸಭೆಗಳಿಗೆ ಓಡಾಟ ತಪ್ಪಿದ್ದು ಲಾಭವೇ. ಅದನ್ನು ಇನ್ನೂ ಉಳಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಆದರೆ ಒಂದು ಮಿತಿ ಬೇಗನೆ ಎದುರಾಗುತ್ತದೆ. ಎಂಜಿನ್ ಮಾಹಿತಿ ಇರುವ ಒಳಜಾಲವನ್ನು ಬೇಕೆಂದೇ ಅಂತರ್ಜಾಲಕ್ಕೆ ಸೇರಿಸಿರುವುದಿಲ್ಲ, ಸೇರಿಸಲೂಬಾರದು. ಸೇರಿಸಿದರೂ ಗಾತ್ರದ ತೊಂದರೆ ಇದೆ. ಕಂಪನ ಅಳೆಯುವ ನೂರು ಚಾನೆಲ್‌ಗಳನ್ನು ಸೆಕೆಂಡಿಗೆ 50 ಸಾವಿರ ಬಾರಿ ಓದಿ, ಒಂದು ಓದಿಗೆ 2 ಬೈಟ್ ಇಟ್ಟುಕೊಂಡರೂ ಸೆಕೆಂಡಿಗೆ 10 ಮೆಗಾಬೈಟ್. 500 ಸೆಕೆಂಡಿನ ಪರೀಕ್ಷೆಗೆ 5 ಗಿಗಾಬೈಟ್. ಆ ವರ್ಷ ಮಕ್ಕಳ ಆನ್‌ಲೈನ್ ತರಗತಿಗೇ ಸಾಲದಿದ್ದ ಮನೆಯ ಇಂಟರ್‌ನೆಟ್ಟಿನಲ್ಲಿ ಇದನ್ನು ತರಿಸಿಕೊಂಡು ನೋಡುವುದು ಎಷ್ಟು ಕಷ್ಟವೆಂದು ಊಹಿಸಬಹುದು.

ವಿಡಿಯೊ ಕರೆಯಲ್ಲಿ ತಪಾಸಣೆ ಮಾಡುವ ಪ್ರಯೋಗದಲ್ಲೂ ಒಂದು ಎಚ್ಚರ ಬೇಕು. ಸೀಲಿನ ಮೇಲಿನ ಕೂದಲೆಳೆಯ ಗೀರು ಕ್ಯಾಮೆರಾದ ಬೆಳಕು ನೇರವಾಗಿ ಬಿದ್ದರೆ ಕಾಣುವುದೇ ಇಲ್ಲ, ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತದೆ. ಅನುಭವಿ ತಂತ್ರಜ್ಞ ಅದನ್ನು ಭೂತಗನ್ನಡಿಯಡಿ ತಿರುಗಿಸಿ ತಿರುಗಿಸಿ ನೋಡುತ್ತಾನೆ. ಪರದೆಯ ಮುಂದೆ ಕೂತವರಿಗೆ ಕೈಯಲ್ಲಿ ತಿರುಗಿಸುವ ಅವಕಾಶ ಇರುವುದಿಲ್ಲ.

ಸೀಲಿನ ಮಾತು ಸುಮ್ಮನೆ ಎತ್ತಲಿಲ್ಲ. 2020ರ ಮಾರ್ಚ್ 5ಕ್ಕೆ ಹಾರಬೇಕಿದ್ದ ಜಿಎಸ್‌ಎಲ್‌ವಿ-ಎಫ್10 ಹಿಂದಿನ ದಿನ ತಾಂತ್ರಿಕ ಕಾರಣಕ್ಕೆ ಮುಂದಕ್ಕೆ ಹೋಯಿತು. ಆಮೇಲೆ ಕೋವಿಡ್ ಬಂತು. ಕೊನೆಗೆ ಹಾರಿದ್ದು 2021ರ ಆಗಸ್ಟ್ 12ರಂದು. ಕ್ರಯೋಜನಿಕ್ (ಅತಿ ತಂಪಿನ ದ್ರವ ಉರಿಸುವ) ಹಂತ ಹೊತ್ತಿಕೊಳ್ಳಲಿಲ್ಲ, ಉಪಗ್ರಹ ಕೈತಪ್ಪಿತು. ಜಲಜನಕ ಟ್ಯಾಂಕಿನ ಹೆಚ್ಚಿದ ಒತ್ತಡ ಹೊರಬಿಡುವ ಒಂದು ವೆಂಟ್ ಮತ್ತು ರಿಲೀಫ್ ವಾಲ್ವ್ ಸೋರಿ ಒತ್ತಡ ಏರದೇ ಹೋದದ್ದು ಕಾರಣ, ಅದರ ಮೃದು ಸೀಲಿಗೆ ಆದ ಹಾನಿಯಿಂದ ಸೋರಿರುವ ಸಾಧ್ಯತೆ ಹೆಚ್ಚು ಎಂದು ತನಿಖಾ ಸಮಿತಿ ಹೇಳಿತು. ಈ ವೈಫಲ್ಯವನ್ನು ಕೋವಿಡ್ ತಲೆಗೆ ಕಟ್ಟುವುದು ನಮ್ಮ ಉದ್ದೇಶವಲ್ಲ. ಸಮಿತಿ ಹಾಗೆ ಹೇಳಿಲ್ಲ. ಕೈಬೆರಳಷ್ಟು ಗಾತ್ರದ ಕೆಲಸದ ಮೇಲೆ ಇಡೀ ಯಾನ ನಿಂತಿರುತ್ತದೆ, ಅಂಥ ಕೆಲಸಕ್ಕೆ ಸಮಯ ಕೊಡಲೇಬೇಕು ಎಂಬುದಕ್ಕೆ ಇದನ್ನು ನೆನಪಿಸಿದೆವು.

ತಡಕ್ಕೂ ಅದರದೇ ಗಡಿಯಾರ ಇದೆ ಎಂಬುದನ್ನು ಎಸ್‌ಎಲ್‌ಎಸ್‌ನ ಘನ ಬೂಸ್ಟರುಗಳು ತೋರಿಸಿದವು. ಅವುಗಳ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುವ ಕೆಲಸ 2020ರ ನವೆಂಬರ್‌ನಲ್ಲಿ ಶುರುವಾಯಿತು. ಕೀಲುಗಳಿಗೆ ಒಂದು ವರ್ಷದ ಆಯುಷ್ಯ ಎಂಬ ನಿಯಮ ಇತ್ತು. ಮುಖ್ಯ ಹಂತದ ಪರೀಕ್ಷೆ ಜಾರುತ್ತಾ ಹೋದಾಗ ಆ ವರ್ಷ ಸಾಲದೆ, ವಿಶ್ಲೇಷಣೆ ಮಾಡಿ ಅವಧಿ ವಿಸ್ತರಿಸಬೇಕಾಯಿತು. ರಾಕೆಟ್ ಹಾರಿದ್ದು 2022ರ ನವೆಂಬರ್ 16ರಂದು.

ಕೋವಿಡ್ ಕಾಲದಲ್ಲಿ ಆಸ್ಪತ್ರೆಗೂ ರಾಕೆಟ್ಟಿಗೂ ಬೇಕಾಗಿದ್ದ ಆಮ್ಲಜನಕದ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಗಗನಯಾನದ ಸಿಇ-20 ಕ್ರಯೋಜನಿಕ್ ಎಂಜಿನ್ ಸುಮಾರು 200 ಕಿಲೊನ್ಯೂಟನ್ ನೂಕುಬಲದ್ದು. ಆ ಬಲಕ್ಕೆ ಸೆಕೆಂಡಿಗೆ ಸುಮಾರು 46 ಕಿಲೊ ದ್ರವ ಬೇಕು, ಅದರಲ್ಲಿ ಸುಮಾರು 38 ಕಿಲೊ ಆಮ್ಲಜನಕ. 2022ರ ಜನವರಿ 12ರಂದು ಮಹೇಂದ್ರಗಿರಿಯಲ್ಲಿ ಅದನ್ನು 720 ಸೆಕೆಂಡು ಉರಿಸಿದರು. ಈ ಲೆಕ್ಕದಂತೆ ಒಂದೇ ಪರೀಕ್ಷೆಗೆ ಸುಮಾರು 27 ಟನ್ ದ್ರವ ಆಮ್ಲಜನಕ. ಕೊಳವೆಗಳನ್ನು ತಂಪಾಗಿಸುವಾಗ ಆವಿಯಾಗಿ ಹೋಗುವುದು ಬೇರೆ. ಆಸ್ಪತ್ರೆಯ ದೊಡ್ಡ ಸಿಲಿಂಡರಿನಲ್ಲಿ ಇರುವುದು 7 ಘನ ಮೀಟರ್, ಅಂದರೆ ಹತ್ತಿರಹತ್ತಿರ 10 ಕಿಲೊ ಆಮ್ಲಜನಕ. 12 ನಿಮಿಷದ ಒಂದು ಪರೀಕ್ಷೆ ಎಂದರೆ 2,700ಕ್ಕೂ ಹೆಚ್ಚು ಸಿಲಿಂಡರ್. 2021ರ ಏಪ್ರಿಲ್ 22ರಿಂದ ಕೆಲವೇ ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆ ಆಮ್ಲಜನಕ ಕೊಡುವುದನ್ನು ಕೇಂದ್ರ ಸರ್ಕಾರ ನಿಲ್ಲಿಸಿತು. ನೈಟ್ರೊಜನ್, ಆರ್ಗಾನ್ ಟ್ಯಾಂಕರ್‌ಗಳನ್ನೂ ಆಮ್ಲಜನಕಕ್ಕೆ ಪರಿವರ್ತಿಸಲಾಯಿತು. ಮಹೇಂದ್ರಗಿರಿಯ ಇಸ್ರೊ ಕೇಂದ್ರ ತನ್ನಲ್ಲಿ ತಯಾರಾಗುವ ದ್ರವ ಆಮ್ಲಜನಕವನ್ನು ತಮಿಳುನಾಡು, ಕೇರಳದ ಆಸ್ಪತ್ರೆಗಳಿಗೆ ಕಳಿಸಿತು. ಆ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಏನಾಯಿತೆಂಬುದು ಕನ್ನಡಿಗರಿಗೆ ಗೊತ್ತಿದೆ. ಆ ವಾರಗಳಲ್ಲಿ ಎಂಜಿನ್ ಉರಿಯದೆ ಉಳಿದಿದ್ದರೆ ಅದನ್ನು ವಿಳಂಬದ ಪಟ್ಟಿಗೆ ಸೇರಿಸುವುದು ಅನ್ಯಾಯ. ಅಮೆರಿಕದಲ್ಲೂ ಅದೇ ವರ್ಷ ಭೂಮಿಯ ಚಿತ್ರ ತೆಗೆಯುವ ಉಪಗ್ರಹ ಲ್ಯಾಂಡ್‌ಸ್ಯಾಟ್-9ರ ಉಡಾವಣೆ ಕೆಲವು ದಿನ ಮುಂದಕ್ಕೆ ಹೋಯಿತು. ಆಸ್ಪತ್ರೆಗಳ ಆಮ್ಲಜನಕದ ಬೇಡಿಕೆಯಿಂದ ದ್ರವ ನೈಟ್ರೊಜನ್ ಪೂರೈಕೆ ಏರುಪೇರಾದದ್ದೇ ಅದಕ್ಕೆ ಕಾರಣ.

ಇಷ್ಟೆಲ್ಲ ಆದಮೇಲೂ ಗಗನಯಾನದ ಪರೀಕ್ಷೆಗಳಲ್ಲಿ ಏನು ಮಾಡಿದರು ನೋಡಿ. 2021ರ ಜುಲೈ 14ರಂದು ವಿಕಾಸ್ 240 ಸೆಕೆಂಡು ಉರಿಯಿತು. 2022ರ ಮೇ 13ರಂದು 203 ಟನ್ ಘನ ಇಂಧನದ ಎಚ್‌ಎಸ್200 ಬೂಸ್ಟರ್ 135 ಸೆಕೆಂಡು, ಸುಮಾರು 700 ಅಳತೆಗಳ ಕಣ್ಗಾವಲಿನಲ್ಲಿ. ಸಿಇ-20ಕ್ಕೆ ಮಾನವಯಾನದ ಅರ್ಹತೆ ಕೊಡಲು ಕನಿಷ್ಠ 6,350 ಸೆಕೆಂಡು ಬೇಕಿತ್ತು. 2024ರ ಫೆಬ್ರುವರಿ ವೇಳೆಗೆ ನಾಲ್ಕು ಎಂಜಿನುಗಳಲ್ಲಿ 39 ಪರೀಕ್ಷೆ, ಒಟ್ಟು 8,810 ಸೆಕೆಂಡು ಮುಗಿಸಿದರು. ಲಾಕ್‌ಡೌನ್ ಕಿತ್ತುಕೊಂಡದ್ದು ಸ್ಟ್ಯಾಂಡಿನ ಸಮಯವನ್ನು. ಅದನ್ನು ಸ್ಟ್ಯಾಂಡಿನ ಸಮಯವಾಗಿಯೇ ವಾಪಸು ಕೊಡಬೇಕು. ಪರೀಕ್ಷೆ ಕಡಿಮೆ ಮಾಡಿ ಕ್ಯಾಲೆಂಡರ್ ಸರಿದೂಗಿಸಬಾರದು. ತಾರೀಖಿನ ಮೇಲೆ ಮಾತ್ರ ಒತ್ತಡ ಹೇರುವ ವರದಿಗಳು ಅರಿವಿಲ್ಲದೆ ಆ ತಪ್ಪಿನ ಕಡೆಗೇ ತಳ್ಳುತ್ತವೆ ಎಂಬ ಆತಂಕ ನಮ್ಮದು.

ಮುಂದಿನ ಸಾಂಕ್ರಾಮಿಕಕ್ಕೆ ಈಗಲೇ ಮಾಡಿಕೊಳ್ಳಬಹುದಾದ ಸಿದ್ಧತೆಗಳೂ ಇವೆ. ಪ್ರತಿ ಸ್ಟ್ಯಾಂಡಿಗೆ ಒಬ್ಬರನ್ನೊಬ್ಬರು ಮುಖಾಮುಖಿ ನೋಡದೆ ಕೆಲಸ ಹಸ್ತಾಂತರಿಸಬಲ್ಲ ಎರಡು ಪೂರ್ಣ ತಂಡಗಳು ಇರಬೇಕು. ಎರಡನೆಯ ತಂಡ ಕಾಗದದ ಮೇಲೆ ಮಾತ್ರ ಇದ್ದರೆ ಸಾಲದು, ವರ್ಷಕ್ಕೆ ಒಂದಾದರೂ ಉರಿಪರೀಕ್ಷೆ ಅವರೇ ನಡೆಸಿರಬೇಕು. ಸ್ಟ್ಯಾಂಡಿನ ಆವರಣದಲ್ಲೇ ಕ್ಯಾಲಿಬ್ರೇಶನ್ ಸೌಕರ್ಯ, ವಾಯಿದೆ ಬರೆದಿಟ್ಟ ಸೀಲುಗಳ ದಾಸ್ತಾನು ಬೇಕು. ನಿಲ್ಲಿಸುವುದಕ್ಕೂ ಬರೆದಿಟ್ಟ ವಿಧಾನ ಇರಬೇಕು: ಯಾವ ಕೊಳವೆಯಲ್ಲಿ ಎಷ್ಟು ಒತ್ತಡ ಉಳಿಸಬೇಕು, ಯಾರು ದಿನಕ್ಕೆ ಎಷ್ಟು ಸಲ ನೋಡಬೇಕು ಎಂಬಷ್ಟು ವಿವರವಾಗಿ.

ಪತ್ರಿಕೆಗೆ ನಮ್ಮ ಕೋರಿಕೆ ಇಷ್ಟು. ಮುಂದಿನ ಸಲ ಗಗನಯಾನದ ದಿನಾಂಕ ಬದಲಾಯಿತೆಂಬ ಪ್ರಕಟಣೆ ಬಂದಾಗ, ನಿಮ್ಮ ವರದಿಗಾರರು ಹೊಸ ದಿನಾಂಕದ ಜೊತೆಗೆ ಈ ಮೂರನ್ನೂ ಕೇಳಿ ಅಚ್ಚು ಮಾಡಲಿ: ಅರ್ಹತೆಗೆ ನಿಗದಿಯಾದ ಪರೀಕ್ಷಾ ಸೆಕೆಂಡು ಎಷ್ಟು, ಈವರೆಗೆ ಮುಗಿದದ್ದು ಎಷ್ಟು, ಉಳಿದ ಪರೀಕ್ಷೆಗಳಲ್ಲಿ ಯಾವುದನ್ನಾದರೂ ಕೈಬಿಟ್ಟಿದ್ದಾರೆಯೇ, ಬಿಟ್ಟಿದ್ದರೆ ಯಾವ ಆಧಾರದ ಮೇಲೆ.

ಇತಿ ತಮ್ಮ ವಿಶ್ವಾಸಿಗಳು,
ರಾಕೆಟ್ ಎಂಜಿನ್ ಪರೀಕ್ಷಾ ಕ್ಷೇತ್ರದ ಕೆಲವು ಎಂಜಿನಿಯರುಗಳು
ಬೆಂಗಳೂರು